ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟು ಮತ್ತು ಟ್ರೈಲರಿನ ಜಾಕು: ಪೋಷಣೆ ಹಾಗೂ ದುರಸ್ತಿ

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಉಳುಮೆಗೆ ದೊರೆಯುವ ಕಾಲ ಬಹಳ ಕಡಿಮೆ. ಕೆಂಪು ಭೂಮಿಯಲ್ಲಿ ಮೂರು ನಾಲ್ಕು ದಿನ ಬಿಸಿಲು ಕಾದರೆ ಹದ ಆರಿಹೋಗುತ್ತದೆ. ಅಂಥ ಹೊತ್ತಿನಲ್ಲಿ, ಎಂಜಿನ್ನು ಚೆನ್ನಾಗಿ ಓಡುತ್ತಿದ್ದರೂ ಕಲ್ಟಿವೇಟರ್ ಮೇಲೇಳದೆ ಬದುವಿನ ಬಳಿ ನಿಂತುಬಿಟ್ಟ ಟ್ರ್ಯಾಕ್ಟರುಗಳನ್ನು ಪ್ರತಿ ವರ್ಷವೂ ಕಾಣಬಹುದು. ಮೆಕ್ಯಾನಿಕ್ ಬಂದು ಹೇಳುವ ಮೊದಲ ಮಾತು "ಪಂಪು ಹೋಗಿದೆ" ಎಂದು. ಲಿಫ್ಟಿನ ಮುಚ್ಚಳ ಬಿಚ್ಚಿ, ಪಂಪನ್ನು ಹೊರತೆಗೆದು, ಪಟ್ಟಣಕ್ಕೆ ಒಯ್ದು, ಬೇರೆಯದನ್ನು ಹಾಕಿಸಿ ತರುವಷ್ಟರಲ್ಲಿ ಬಿತ್ತನೆಯ ಹದ ತಪ್ಪಿರುತ್ತದೆ. ಹೊಸ ಪಂಪು ಹಾಕಿದ ಮೇಲೂ ಲಿಫ್ಟು ಮೊದಲಿನಂತೆಯೇ ಇದ್ದರೆ ರೈತನ ಪಾಡು ಹೇಳತೀರದು.

ಪಂಪು ಸವೆಯುವುದಿಲ್ಲವೆಂದಲ್ಲ. ಆದರೆ ಹಳೆಯ ಟ್ರ್ಯಾಕ್ಟರುಗಳಲ್ಲಿ ಲಿಫ್ಟು ಮತ್ತು ಟ್ರೈಲರಿನ ಜಾಕು ಕೆಡುವುದಕ್ಕೆ ಹೆಚ್ಚಿನ ಪಾಲು ಕಾರಣವಾಗುವುದು ಎಣ್ಣೆ. ಎಣ್ಣೆ ಕಡಿಮೆಯಾಗಿರುವುದು, ಅದರಲ್ಲಿ ನೀರು ಸೇರಿರುವುದು, ಧೂಳು ಸೇರಿರುವುದು, ಗಾಳಿ ಸೇರಿರುವುದು, ಈ ನಾಲ್ಕನ್ನು ರೈತನೇ ತನ್ನ ಅಂಗಳದಲ್ಲಿ ಪರೀಕ್ಷಿಸಿಕೊಳ್ಳಬಹುದು. ಪಂಪನ್ನು ಅನುಮಾನಿಸುವುದು ಕೊನೆಗೆ.

ಎಣ್ಣೆಯ ಬಲ

ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಕಟ್ಟಿ ಎಳೆಯುವುದರ ಬದಲು ಮೂರು ಬಿಂದುಗಳಲ್ಲಿ ಜೋಡಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಕ್ರಮವನ್ನು ಬಳಕೆಗೆ ತಂದವನು ಈಗಿನ ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್. ಇಂಗ್ಲೆಂಡಿನಲ್ಲಿ 1936ರಲ್ಲಿ ಈ ಪದ್ಧತಿಯ ಟ್ರ್ಯಾಕ್ಟರು ಮಾರುಕಟ್ಟೆಗೆ ಬಂದಿತು. 1939ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ಹೊರಬಂದ ಟ್ರ್ಯಾಕ್ಟರಿನೊಡನೆ ಅದು ಎಲ್ಲೆಡೆ ಹಬ್ಬಿತು. ಇಂದು ನಮ್ಮ ಹೊಲಗಳಲ್ಲಿರುವ ಬಹುಮಟ್ಟಿಗೆ ಎಲ್ಲ ಟ್ರ್ಯಾಕ್ಟರುಗಳ ಹಿಂಭಾಗದಲ್ಲಿರುವುದು ಇದೇ ಕ್ರಮ.

ಇದರ ತತ್ವ ಸರಳವಾದುದು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಟ್ರೈಲರಿನ ಜಾಕಿನ ಒಳವ್ಯಾಸ 80 ಮಿಲಿಮೀಟರ್ ಇದೆಯೆಂದು ತಿಳಿಯೋಣ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್ ಆಗುತ್ತದೆ. ಪಂಪು ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಒತ್ತಡ ಕೊಟ್ಟರೆ ಜಾಕು 7,500 ಕಿಲೋಗ್ರಾಂ, ಅಂದರೆ ಏಳೂವರೆ ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಕೆರೆಯ ಗೋಡು ತುಂಬಿದ ಟ್ರೈಲರನ್ನು ಒಬ್ಬ ಹುಡುಗ ಒಂದು ಬೆರಳಿನಿಂದ ಎತ್ತುವುದು ಹೀಗೆ. ಅದೇ ಬಲ, ಒಂದು ಹೋಸ್ ಪೈಪು ಹರಿದರೆ, ಕ್ಷಣಮಾತ್ರದಲ್ಲಿ ಇಲ್ಲವಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಇಷ್ಟು ಒತ್ತಡವನ್ನು ತಡೆದಿಡಲು ಪಂಪು ಮತ್ತು ವಾಲ್ವಿನ ಭಾಗಗಳನ್ನು ಒಂದಕ್ಕೊಂದು ಬಹಳ ಬಿಗಿಯಾಗಿ ಕೂಡಿಸಿರುತ್ತಾರೆ. ಅವುಗಳ ನಡುವಿನ ಸಂದು ತಲೆಗೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಳಿನ ಕಣವೂ ಅಲ್ಲಿ ಅರದಂತೆ ಕೆಲಸ ಮಾಡುತ್ತದೆ.

ಎಣ್ಣೆಯ ಪರೀಕ್ಷೆ

ನಮ್ಮಲ್ಲಿರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಅನೇಕವು ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಮತ್ತು ಲಿಫ್ಟು, ಈ ಮೂರಕ್ಕೂ ಒಂದೇ ಎಣ್ಣೆಯನ್ನು ಬಳಸುತ್ತವೆ. ಗೇರುಗಳು ತೇಯ್ದು ಉದುರಿದ ಕಬ್ಬಿಣದ ಪುಡಿಯೂ ಲಿಫ್ಟಿನ ಪಂಪಿಗೆ ಬರುವ ಎಣ್ಣೆಯಲ್ಲೇ ಇರುತ್ತದೆ. ಆದುದರಿಂದ ಇಂಥ ಟ್ರ್ಯಾಕ್ಟರುಗಳಲ್ಲಿ ಫಿಲ್ಟರು ಅಥವಾ ಜರಡಿಯನ್ನು ಮರೆಯಲೇಕೂಡದು.

ಎಣ್ಣೆಯ ಮಟ್ಟವನ್ನು ನೋಡುವಾಗ ಟ್ರ್ಯಾಕ್ಟರು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು, ಲಿಫ್ಟಿನ ತೋಳುಗಳು ಕೆಳಗಿರಬೇಕು, ಟ್ರೈಲರು ಜೋಡಿಸಿದ್ದರೆ ಅದರ ಜಾಕೂ ಇಳಿದಿರಬೇಕು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡತಕ್ಕದ್ದು. ಎತ್ತಿದ ಜಾಕಿನಲ್ಲಿ ನಿಂತ ಎಣ್ಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೇಲಿನಿಂದ ಸುರಿದರೆ, ಇಳಿಸಿದಾಗ ಅದೆಲ್ಲ ಹಿಂದಕ್ಕೆ ಬಂದು ಆಕ್ಸಲ್ ಸೀಲುಗಳಿಂದ ಹೊರಗೆ ತಳ್ಳಲ್ಪಡುತ್ತದೆ; ಒಣ ಬ್ರೇಕಿನ ಟ್ರ್ಯಾಕ್ಟರಾದರೆ ಬ್ರೇಕಿನ ಲೈನರಿಗೇ ಎಣ್ಣೆ ಸೇರುತ್ತದೆ.

ಕಡ್ಡಿಗೆ ಹತ್ತಿದ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆಯೆಂದು ಅರ್ಥ. ಅನುಮಾನ ತೀರದಿದ್ದರೆ ಡೀಸೆಲಿನಿಂದ ದೂರದ ಜಾಗದಲ್ಲಿ ಒಂದು ತಗಡನ್ನು ಕಾಯಿಸಿ, ಅದರ ಮೇಲೆ ಎರಡು ತೊಟ್ಟು ಎಣ್ಣೆ ಬಿಡಬೇಕು. ಒಗ್ಗರಣೆಯಂತೆ ಚಟಪಟ ಸಿಡಿದರೆ ಅದರಲ್ಲಿ ನೀರಿದೆ. ಬುರುಗು ಕಂಡರೆ ಗಾಳಿ ಸೇರುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಕಾಯುತ್ತಿದೆ. ಬೆರಳುಗಳ ನಡುವೆ ತಿಕ್ಕಿದಾಗ ಮಿನುಗುವ ಕಣ ಕಂಡರೆ ಎಲ್ಲೋ ಲೋಹ ಸವೆಯುತ್ತಿದೆ.

ನೀರು ಸೇರುವ ತೊಂದರೆ ಕಾವೇರಿ, ಭದ್ರಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಹೆಚ್ಚು. ಕೇಜ್‌ವೀಲ್ ಹಾಕಿ ಕೆಸರು ಮಾಡುವಾಗ ಟ್ರ್ಯಾಕ್ಟರಿನ ಹೊಟ್ಟೆಯವರೆಗೂ ನೀರು ಬರುತ್ತದೆ. ಸವೆದ ಪಿ.ಟಿ.ಓ. ಸೀಲು, ಹರಿದ ಗೇರ್ ಲಿವರಿನ ರಬ್ಬರು, ಮುಚ್ಚಳ ಕಳೆದುಹೋದ ಬ್ರೀದರ್, ಇವುಗಳ ಮೂಲಕ ನೀರು ಒಳಗಿಳಿಯುತ್ತದೆ. ದಿನದ ಕೆಲಸ ಮುಗಿಸಿ ಕಾದ ಗೇರ್ ಬಾಕ್ಸಿನ ಮೇಲೆ ತಣ್ಣೀರು ಹೊಯ್ದು ತೊಳೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಒಳಗಿನ ಗಾಳಿ ತಣಿದು ಕುಗ್ಗುವಾಗ ಹೊರಗಿನ ನೀರನ್ನು ಸಂದುಗಳಿಂದ ಒಳಕ್ಕೆ ಸೆಳೆದುಕೊಳ್ಳುತ್ತದೆ. ಗದ್ದೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಎಂಜಿನ್ ಹಚ್ಚುವ ಮುನ್ನ ಡ್ರೈನ್ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದರೆ, ರಾತ್ರಿಯೆಲ್ಲ ತಳಕ್ಕಿಳಿದ ನೀರು ಮೊದಲು ಹೊರಬರುತ್ತದೆ. ಎಣ್ಣೆ ಕಂಡೊಡನೆ ಬಿಗಿದುಬಿಡಬೇಕು. ಆದರೆ ಒಮ್ಮೆ ಹಾಲಿನಂತೆ ಬೆರೆತುಹೋದ ನೀರು ಹೀಗೆ ಬೇರ್ಪಡುವುದಿಲ್ಲ. ಅಂಥ ಎಣ್ಣೆಯನ್ನು ಪೂರ್ಣವಾಗಿ ತೆಗೆದು, ಜರಡಿ ತೊಳೆದು, ನೀರು ಬಂದ ಸೀಲನ್ನು ಬದಲಾಯಿಸಿ ಹೊಸದು ತುಂಬುವುದೊಂದೇ ದಾರಿ. ಸೀಲು ಬದಲಾಯಿಸದೆ ಎಣ್ಣೆ ಮಾತ್ರ ಬದಲಾಯಿಸುವುದು ಹಣವನ್ನು ಗದ್ದೆಗೆ ಸುರಿದಂತೆ.

ಯಾವ ಎಣ್ಣೆ ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇರುವ ಟ್ರ್ಯಾಕ್ಟರಿಗೆ ಅದಕ್ಕೆಂದೇ ತಯಾರಾದ ಎಣ್ಣೆ ಬೇಕು, ಸಾಮಾನ್ಯ ಗೇರ್ ಎಣ್ಣೆ ಸಲ್ಲದು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು "ಜಾಕಿಗೆ ಸಾಕು" ಎಂದು ಸುರಿಯುವುದನ್ನು ಬಿಡಬೇಕು. ಬ್ರೇಕ್ ಆಯಿಲ್ ಎಂದು ಸಣ್ಣ ಡಬ್ಬಿಯಲ್ಲಿ ಮಾರುವ ದ್ರವವನ್ನಂತೂ ಲಿಫ್ಟಿಗಾಗಲಿ ಜಾಕಿಗಾಗಲಿ ಒಂದು ತೊಟ್ಟೂ ಹಾಕಕೂಡದು. ಅದು ಬೇರೆ ಜಾತಿಯ ದ್ರವ; ಜಾಕಿನ ರಬ್ಬರು ಸೀಲುಗಳು ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ.

ಎರವಲು ಟ್ರೈಲರಿನ ಎಣ್ಣೆ

ಬೇಸಿಗೆಯಲ್ಲಿ ತಿಪ್ಪೆಗೊಬ್ಬರ ಮತ್ತು ಕೆರೆ ಗೋಡು ಹೊಡೆಯುವ ಕಾಲದಲ್ಲಿ ಒಂದೇ ಜಾಕ್ ಟ್ರೈಲರು ನಾಲ್ಕಾರು ಟ್ರ್ಯಾಕ್ಟರುಗಳ ಹಿಂದೆ ಓಡುವುದು ಹಳ್ಳಿಗಳಲ್ಲಿ ಸಾಮಾನ್ಯ. ಟ್ರೈಲರನ್ನು ಎರವಲು ಕೊಡುವಾಗ ಅದರೊಡನೆ ಎಣ್ಣೆಯೂ ಎರವಲು ಹೋಗುತ್ತದೆ, ಬರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಜಾಕನ್ನು ಎತ್ತುವುದು ಟ್ರ್ಯಾಕ್ಟರಿನ ಎಣ್ಣೆಯೇ. ಮೇಲೆ ಹೇಳಿದ 80 ಮಿಲಿಮೀಟರ್ ಜಾಕು ಒಂದು ಮೀಟರ್ ಮೇಲೇಳಬೇಕಾದರೆ ಐದು ಲೀಟರ್ ಎಣ್ಣೆಯನ್ನು ಟ್ರ್ಯಾಕ್ಟರಿನಿಂದ ತೆಗೆದುಕೊಳ್ಳುತ್ತದೆ. ಇಳಿಸಿದಾಗ ಅದು ತಿರುಗಿ ಟ್ರ್ಯಾಕ್ಟರಿಗೆ ಬರುತ್ತದೆ. ಒಬ್ಬರ ಟ್ರ್ಯಾಕ್ಟರಿನ ನೀರು, ಕೆಸರು, ಕಬ್ಬಿಣದ ಪುಡಿ ಜಾಕಿನಲ್ಲಿ ಉಳಿದು ಮಾರನೆಯ ದಿನ ಇನ್ನೊಬ್ಬರ ಗೇರ್ ಬಾಕ್ಸಿಗೆ ಇಳಿಯುವುದು ಹೀಗೆ.

ಇದಕ್ಕಿಂತ ಹೆಚ್ಚಿನ ಕೊಳೆ ಬರುವುದು ಕಪ್ಲಿಂಗಿನಿಂದ. ಟ್ರೈಲರು ಬಿಚ್ಚಿದಾಗ ಹೋಸಿನ ತುದಿಯನ್ನು ನೆಲಕ್ಕೆ ಎಸೆಯಲಾಗುತ್ತದೆ. ಮಣ್ಣು ಮೆತ್ತಿದ ಆ ತುದಿಯನ್ನು ಮುಂದಿನ ಬಾರಿ ಅಂಗಿಯ ತುದಿಯಿಂದ ಒರೆಸಿ ಸಿಕ್ಕಿಸಿದರೆ ಉಳಿದ ಮಣ್ಣೆಲ್ಲ ವಾಲ್ವಿಗೆ ಹೋಗುತ್ತದೆ. ಎರಡೂ ತುದಿಗಳಿಗೆ ಮುಚ್ಚಳವಿರಬೇಕು. ಮುಚ್ಚಳ ಕಳೆದಿದ್ದರೆ ಶುಭ್ರವಾದ ಪ್ಲಾಸ್ಟಿಕ್ ಚೀಲ ಕಟ್ಟಿದರೂ ಆದೀತು. ಟ್ರೈಲರಿನ ಮೂತಿಯಲ್ಲಿ ಹೋಸನ್ನು ತೂಗುಹಾಕಲು ಒಂದು ಕೊಂಡಿ ಬೆಸೆಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಎರವಲು ಕೊಡಬಾರದೆಂದು ಯಾರೂ ಹೇಳಲಾರರು. ಪಡೆದವರ ಎಣ್ಣೆಯನ್ನು ಒಮ್ಮೆ ನೋಡಿ ಕೊಡುವುದು ನೆರೆಹೊರೆಗೆ ಅಡ್ಡಿಯಾಗದು.

ದೋಷ ಹುಡುಕುವ ಕ್ರಮ

ಲಿಫ್ಟು ಏಳುವುದಿಲ್ಲವೆಂದು ಪಾನ ಹಿಡಿಯುವ ಮೊದಲು ಎರಡು ಮೂರು ಸಣ್ಣ ಸಂಗತಿಗಳನ್ನು ನೋಡಬೇಕು. ಫರ್ಗ್ಯೂಸನ್ ಪದ್ಧತಿಯ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪು ಗೇರ್ ಬಾಕ್ಸಿನ ಎಣ್ಣೆಯೊಳಗೆ ಕುಳಿತು ಪಿ.ಟಿ.ಓ. ದಂಡದಿಂದ ತಿರುಗುತ್ತದೆ. ಅಂಥದರಲ್ಲಿ ಪಿ.ಟಿ.ಓ. ಲಿವರನ್ನು ಬಿಡಿಸಿದ್ದರೆ ಲಿಫ್ಟು ಏಳುವುದೇ ಇಲ್ಲ. ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದರೂ ಅಷ್ಟೇ. ಹೊಸ ಡ್ರೈವರು ಬಂದಾಗ ಈ "ರೋಗ" ಕಾಣಿಸಿಕೊಳ್ಳುವುದು ಹೆಚ್ಚು. ಎರಡನೆಯದು, ಎಣ್ಣೆಯನ್ನು ಟ್ರೈಲರಿನ ಕಡೆಗೆ ತಿರುಗಿಸುವ ವಾಲ್ವು. ಟ್ರೈಲರು ಬಿಚ್ಚಿದ ಮೇಲೆ ಅದನ್ನು ಲಿಫ್ಟಿನ ಕಡೆಗೆ ಮರಳಿ ತಿರುಗಿಸದಿದ್ದರೆ ತೋಳುಗಳು ಹೇಗೆ ಎದ್ದಾವು? ಮೂರನೆಯದು ಲಿವರುಗಳ ಸ್ಥಾನ. ನೇಗಿಲಿನ ಆಳವನ್ನು ಎಳೆತಕ್ಕೆ ತಕ್ಕಂತೆ ಸರಿಪಡಿಸುವ ಡ್ರಾಫ್ಟ್ ಲಿವರು ಬೇರೆ, ಎತ್ತರವನ್ನು ನಿಲ್ಲಿಸುವ ಪೊಸಿಷನ್ ಲಿವರು ಬೇರೆ. ಒಂದನ್ನು ಇನ್ನೊಂದರ ಕೆಲಸಕ್ಕೆ ಬಳಸಿದರೆ ಉಪಕರಣ ತಾನೇ ತಾನಾಗಿ ಏಳುವುದು, ಮುಳುಗುವುದು ಆಗುತ್ತದೆ.

ಇವೆಲ್ಲ ಸರಿಯಿದ್ದು, ಎಣ್ಣೆಯ ಮಟ್ಟವೂ ಬಣ್ಣವೂ ಸರಿಯಿದ್ದು, ಜರಡಿ ತೊಳೆದದ್ದೂ ಆಗಿದ್ದರೆ, ಮುಂದಿನ ಪ್ರಶ್ನೆ ಇದು: ದೋಷ ಎರಡರಲ್ಲೂ ಇದೆಯೇ, ಒಂದರಲ್ಲಿ ಮಾತ್ರವೇ? ತುಂಬಿದ ಟ್ರೈಲರು ಸಲೀಸಾಗಿ ಏಳುತ್ತದೆ, ಆದರೆ ನೇಗಿಲು ಏಳುವುದಿಲ್ಲ ಎಂದಾದರೆ ಪಂಪು ಸರಿಯಾಗಿದೆ. ದೋಷ ಲಿಫ್ಟಿನ ಸಿಲಿಂಡರಿನಲ್ಲಿ ಅಥವಾ ಅದಕ್ಕೆ ಎಣ್ಣೆ ಹೋಗುವ ಹಾದಿಯಲ್ಲಿದೆ. ನೇಗಿಲು ಏಳುತ್ತದೆ, ಟ್ರೈಲರು ಏಳುವುದಿಲ್ಲ ಎಂದಾದರೆ ಹೋಸು, ಕಪ್ಲಿಂಗು, ಜಾಕು, ಇವುಗಳನ್ನು ನೋಡಬೇಕು. ಕಪ್ಲಿಂಗು ಪೂರ್ತಿ ಕೂರದೆ ಒಳಗಿನ ಗುಂಡು ಹಾದಿಯನ್ನು ಮುಚ್ಚಿರುವುದೇ ಇಲ್ಲಿ ಹೆಚ್ಚು. ಎರಡೂ ಏಳದಿದ್ದರೆ ಮಾತ್ರ ಎರಡಕ್ಕೂ ಸಾಮಾನ್ಯವಾದ ಪಂಪು ಮತ್ತು ರಿಲೀಫ್ ವಾಲ್ವಿನ ಕಡೆ ಕಣ್ಣು ಹಾಯಿಸಬೇಕು. ಈ ಪರೀಕ್ಷೆಯನ್ನು ಹೊರೆಯೊಡನೆ ಮಾಡಬೇಕೆಂಬುದು ಮುಖ್ಯ. ಖಾಲಿ ಟ್ರೈಲರನ್ನು ಎತ್ತಲು ಬೇಕಾದ ಒತ್ತಡ ಅಲ್ಪ, ಸವೆದ ಪಂಪೂ ಅದನ್ನು ಎತ್ತಿಬಿಡುತ್ತದೆ.

ಪಂಪಿನ ಶಬ್ದವೂ ಬಹಳಷ್ಟನ್ನು ಹೇಳುತ್ತದೆ. ಜಲ್ಲಿಕಲ್ಲು ಉರುಳಿಸಿದಂತೆ ಗರಗರ ಸದ್ದು ಬಂದರೆ ಪಂಪಿಗೆ ಎಣ್ಣೆ ಸಾಲುತ್ತಿಲ್ಲ, ಇಲ್ಲವೇ ಹೀರುವ ಕಡೆಯ ಪೈಪಿನಿಂದ ಗಾಳಿ ಸೇರುತ್ತಿದೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಮಂದವಾಗಿರುವಾಗ ಒಂದೆರಡು ನಿಮಿಷ ಹೀಗೆ ಸದ್ದು ಮಾಡಿ ನಿಂತರೆ ಚಿಂತಿಸಬೇಕಿಲ್ಲ. ಎಣ್ಣೆ ತಣ್ಣಗಿರುವಾಗ ಚೆನ್ನಾಗಿ ಎತ್ತಿ, ಮಧ್ಯಾಹ್ನ ಕಾದ ಮೇಲೆ ಎತ್ತಲಾರದೆ ಹೋದರೆ ಒಳಗೆ ಸವೆತವಿದೆಯೆಂದು ತಿಳಿಯಬಹುದು. ಕಾದ ಎಣ್ಣೆ ತೆಳುವಾಗಿ ಸವೆದ ಸಂದುಗಳಲ್ಲಿ ಸೋರಿಹೋಗುತ್ತದೆ.

ಎತ್ತಿದ ನೇಗಿಲು ನಿಲ್ಲದೆ ಇಳಿಯುವುದು ಇನ್ನೊಂದು ದೂರು. ನೇಗಿಲನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಹತ್ತಿರ ಯಾರೂ ಹೋಗದಂತೆ ನೋಡಿಕೊಂಡು ಕಾಯಬೇಕು. ರಾತ್ರಿ ಎತ್ತಿಟ್ಟದ್ದು ಬೆಳಿಗ್ಗೆಗೆ ನೆಲ ಮುಟ್ಟಿದ್ದರೆ ಹಳೆಯ ಟ್ರ್ಯಾಕ್ಟರಿಗೆ ಅದು ದೊಡ್ಡ ದೋಷವಲ್ಲ. ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಬಂದರೆ ಸಿಲಿಂಡರಿನ ಪಿಸ್ಟನ್ ರಿಂಗು, ಅಲ್ಲಿನ 'ಓ' ರಿಂಗು ಅಥವಾ ವಾಲ್ವು ಎಣ್ಣೆ ಬಿಡುತ್ತಿದೆ. ಎಂಜಿನ್ ಓಡುತ್ತಿರುವಾಗ ನೇಗಿಲು ಬಿಕ್ಕಳಿಸಿದಂತೆ ಮತ್ತೆ ಮತ್ತೆ ಕೊಂಚ ಇಳಿದು ಕೊಂಚ ಏಳುವುದೂ ಇದೇ ಸೋರಿಕೆಯ ಲಕ್ಷಣ. ಸೋರಿದಷ್ಟನ್ನು ವಾಲ್ವು ತುಂಬಿಕೊಡುತ್ತಿರುತ್ತದೆ. ಇದನ್ನು ಬಹಳ ದಿನ ಬಿಟ್ಟರೆ ಎಣ್ಣೆ ಕಾಯುತ್ತದೆ, ಪಂಪಿಗೆ ಬಿಡುವಿರುವುದಿಲ್ಲ.

ರಿಲೀಫ್ ವಾಲ್ವಿಗೆ ವಾಷರು ಹಾಕುವುದು

ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಹಿಂದಕ್ಕೆ ಬಿಟ್ಟುಕೊಡಲು ರಿಲೀಫ್ ವಾಲ್ವಿದೆ. ಅದರ ಸ್ಪ್ರಿಂಗಿನ ಕೆಳಗೆ ಒಂದೆರಡು ವಾಷರು ಹಾಕಿದರೆ ಹಳೆಯ ಲಿಫ್ಟು ಹೊಸದರಂತೆ ಎತ್ತುತ್ತದೆ ಎಂಬ ಕೈಚಳಕ ಅನೇಕ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ಕೆಲವು ದಿನ ಎತ್ತುವುದೂ ನಿಜ. ಆದರೆ ಒತ್ತಡ ಎಷ್ಟಕ್ಕೆ ಏರಿದೆ ಎಂಬುದು ವಾಷರು ಹಾಕಿದವನಿಗೂ ಗೊತ್ತಿರುವುದಿಲ್ಲ. ಹೆಚ್ಚಿದ ಒತ್ತಡ ಮೊದಲು ಹೋಸನ್ನು, ಆಮೇಲೆ ಸೀಲನ್ನು, ಕೊನೆಗೆ ಸಿಲಿಂಡರು ಅಥವಾ ಲಿಫ್ಟಿನ ಬೀಡು ಕಬ್ಬಿಣದ ಮುಚ್ಚಳವನ್ನು ಒಡೆಯುತ್ತದೆ. ಒತ್ತಡದ ಗೇಜು ಜೋಡಿಸಿ, ಕೈಪಿಡಿಯಲ್ಲಿ ಹೇಳಿದ ಅಂಕಿಗೆ ತರುವುದೇ ಸರಿಯಾದ ಕ್ರಮ. ಗೇಜು ಇಲ್ಲದವರ ಕೈಗೆ ರಿಲೀಫ್ ವಾಲ್ವನ್ನು ಕೊಡಬಾರದು.

ಬಾಡಿ ಪೂರ್ತಿ ಎದ್ದ ಮೇಲೂ ಲಿವರನ್ನು ಹಿಡಿದೇ ಇರುವ ಡ್ರೈವರುಗಳಿದ್ದಾರೆ. ಆಗ ಕೇಳಿಬರುವ ಕೀರಲು ಸದ್ದು ಎಣ್ಣೆ ರಿಲೀಫ್ ವಾಲ್ವಿನ ಮೂಲಕ ನುಗ್ಗುವ ಸದ್ದು. ಪಂಪು ಪೂರ್ಣ ಒತ್ತಡದಲ್ಲಿ ದುಡಿದು ಎಣ್ಣೆಯನ್ನು ಕಾಯಿಸುವುದಲ್ಲದೆ ಬೇರೇನೂ ಆಗುತ್ತಿರುವುದಿಲ್ಲ. ಒದ್ದೆ ಗೋಡು ಬಾಡಿಗೆ ಅಂಟಿಕೊಂಡು ಜಾರದಿದ್ದಾಗ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಜಗ್ಗಿ ಉದುರಿಸುವುದೂ ಉಂಟು. ಪೂರ್ತಿ ಚಾಚಿದ ಜಾಕಿನ ದಂಡ ಬಾಗುವುದು ಆಗಲೇ. ಬಾಡಿಯನ್ನು ಇಳಿಸಿ, ಗುದ್ದಲಿಯಿಂದ ಕೆಡವುವುದು ನಿಧಾನವಾದರೂ ಅಗ್ಗ.

ಎತ್ತಿದ ಬಾಡಿಯ ಕೆಳಗೆ

ಜಾಕು ಸೋರುತ್ತಿದೆಯೇ ಎಂದು ನೋಡಲು ಬಾಡಿಯನ್ನು ಎತ್ತಿ, ಚಾಸಿಯ ನಡುವೆ ತಲೆ ತೂರಿಸುವುದು ಎಲ್ಲ ಕಡೆಯೂ ಕಾಣುವ ದೃಶ್ಯ. ಆ ಹೊತ್ತಿನಲ್ಲಿ ಬಾಡಿಯನ್ನು ಹಿಡಿದಿರುವುದು ಎಣ್ಣೆ ಮಾತ್ರ. ಹೋಸು ಬಿಚ್ಚಿಕೊಂಡರೆ, ಸೀಲು ಕಿತ್ತರೆ, ಯಾರಾದರೂ ಅರಿಯದೆ ಲಿವರು ಮುಟ್ಟಿದರೆ ಹಲವು ಕ್ವಿಂಟಾಲ್ ತೂಕದ ಬಾಡಿ ಕೂಗುವಷ್ಟು ಸಮಯವನ್ನೂ ಕೊಡದೆ ಕೆಳಗೆ ಬೀಳುತ್ತದೆ. ಹೀಗೆ ಜೀವ ಹೋದವರಲ್ಲಿ ಅನುಭವಸ್ಥ ಡ್ರೈವರುಗಳೂ ಇದ್ದಾರೆ, ಕ್ಲೀನರ್ ಹುಡುಗರೂ ಇದ್ದಾರೆ.

ಆದುದರಿಂದ ಬಾಡಿ ಖಾಲಿಯಾಗಿರದೆ ಅದರ ಕೆಳಗೆ ಕೆಲಸ ಮಾಡಕೂಡದು. ಖಾಲಿ ಬಾಡಿಯನ್ನು ಎತ್ತಿದ ಮೇಲೂ ಚಾಸಿಗೂ ಬಾಡಿಗೂ ನಡುವೆ ಉಕ್ಕಿನ ಆಸರೆ ಕೊಟ್ಟು, ಬಾಡಿಯನ್ನು ಮೆಲ್ಲನೆ ಆ ಆಸರೆಯ ಮೇಲೆ ಇಳಿಸಿ ಕೂರಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಆಮೇಲೆ ಒಳಗೆ ಹೋಗಬೇಕು. ಆಸರೆ ಚಾಸಿಗೇ ಕೀಲಿನಿಂದ ಜೋಡಿಸಿದ್ದಾದರೆ ಜಾರುವ ಭಯವಿಲ್ಲ. ಹಳೆಯ ಟ್ರೈಲರಿನಲ್ಲಿ ಅದಿಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪೈಪಿನಿಂದ ಮಾಡಿಸಿಕೊಳ್ಳುವುದು ಈ ಲೇಖನದಲ್ಲಿ ಹೇಳಿದ ಎಲ್ಲ ಕೆಲಸಗಳಿಗಿಂತ ಮೊದಲು ಆಗಬೇಕಾದದ್ದು. ಕಲ್ಲು, ಸ್ಟೆಪ್ನಿ ಟಯರು, ಒಲೆಗೆ ತಂದ ಮರದ ತುಂಡು ಆಸರೆಯಾಗಲಾರವು. ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಇಡಬೇಕು.

ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ಹುಡುಕುವುದು ಇನ್ನೊಂದು ಅಪಾಯದ ಅಭ್ಯಾಸ. ಅಷ್ಟು ಒತ್ತಡದ ಎಣ್ಣೆ ಚರ್ಮವನ್ನು ತೂರಿ ಮಾಂಸದೊಳಕ್ಕೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಂಥ ಗುರುತು, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ಊದಿ ಒಳಗಿನ ಮಾಂಸ ಕೊಳೆಯಲಾರಂಭಿಸುತ್ತದೆ. ಹೀಗಾದವರನ್ನು, ಗಾಯ ಚಿಕ್ಕದೆಂದು ಮನೆಮದ್ದು ಮಾಡುತ್ತ ಕೂರಿಸದೆ, ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು, ಒತ್ತಡದ ಎಣ್ಣೆ ಒಳಗೆ ಹೊಕ್ಕಿದೆಯೆಂದು ವೈದ್ಯರಿಗೆ ತಿಳಿಸಬೇಕು. ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಸೋರಿಕೆಯ ಜಾಗ ಹುಡುಕಲು ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದರೆ ಸಾಕು, ರಟ್ಟು ಒದ್ದೆಯಾಗುತ್ತದೆ.

ಸುರಿಯುವ ಜಾಗವನ್ನೂ ನೋಡಿಕೊಳ್ಳಬೇಕು. ಇಳಿಜಾರಿನಲ್ಲಿ ಒಂದು ಚಕ್ರ ತಗ್ಗಿನಲ್ಲಿದ್ದರೆ ಎತ್ತಿದ ಟ್ರೈಲರು ಪಕ್ಕಕ್ಕೆ ಮಗುಚುತ್ತದೆ. ತೋಟದ ಬದಿಯ ವಿದ್ಯುತ್ ತಂತಿಗಳ ಕೆಳಗೆ ಬಾಡಿ ಎತ್ತಬಾರದು.

ಜಾಕಿನ ಸೀಲು ಬದಲಾಯಿಸುವುದು

ಜಾಕಿನ ಮೇಲ್ತುದಿಯಲ್ಲಿ ದಂಡದ ಸುತ್ತ ಎಣ್ಣೆ ಒಸರುವುದು ಹಳೆಯ ಟ್ರೈಲರಿನ ಸಾಮಾನ್ಯ ದೋಷ. ಕೈನಯವಿರುವ ರೈತ ಇದನ್ನು ತಾನೇ ಸರಿಪಡಿಸಿಕೊಳ್ಳಬಹುದು. ಬಾಡಿಯನ್ನು ಆಸರೆಯ ಮೇಲೆ ಕೂರಿಸಿ, ಎಂಜಿನ್ ನಿಲ್ಲಿಸಿದ ಮೇಲೆ ಲಿವರನ್ನು ನಾಲ್ಕಾರು ಬಾರಿ ಆಡಿಸಿ ಪೈಪಿನಲ್ಲಿ ಉಳಿದ ಒತ್ತಡವನ್ನು ಬಿಡಿಸಬೇಕು. ಆಮೇಲೆ ಹೋಸು, ಮೇಲಿನ ಮತ್ತು ಕೆಳಗಿನ ಪಿನ್ನುಗಳನ್ನು ಬಿಡಿಸಿ ಜಾಕನ್ನು ಹೊರತೆಗೆಯಬೇಕು. ಹೊರಮೈಯನ್ನು ಡೀಸೆಲಿನಿಂದ ತೊಳೆದು ಒರೆಸಿದ ಮೇಲಷ್ಟೇ ಬಿಚ್ಚುವುದು. ಧೂಳಿನ ಕಣದಲ್ಲಲ್ಲ, ಹಲಗೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ ಬಿಚ್ಚಬೇಕು. ನೂಲು ಬಿಡುವ ಕಾಟನ್ ವೇಸ್ಟಿನಿಂದ ಒಳಗಿನ ಭಾಗಗಳನ್ನು ಒರೆಸಬಾರದು.

ಹೊರಬಂದ ದಂಡವನ್ನು ಮೊದಲು ನೋಡಬೇಕು, ಸೀಲನ್ನಲ್ಲ. ದಂಡದ ಉದ್ದಕ್ಕೂ ಉಗುರನ್ನು ಅಡ್ಡವಾಗಿ ಎಳೆದಾಗ ಎಲ್ಲಿಯಾದರೂ ತಡೆದರೆ ಅಲ್ಲಿ ಗೀರು ಇಲ್ಲವೇ ತುಕ್ಕಿನ ಗುಳಿ ಇದೆ. ಹೊಳೆಯುವ ಕ್ರೋಮಿಯಂ ಲೇಪ ಎದ್ದುಹೋದ ದಂಡಕ್ಕೆ ಎಷ್ಟು ಒಳ್ಳೆಯ ಸೀಲು ಹಾಕಿದರೂ ಕೆಲವೇ ವಾರ ಬಾಳುತ್ತದೆ. ಅಂಥದನ್ನು ಮರುಲೇಪ ಮಾಡಿಸಬೇಕು ಅಥವಾ ಹೊಸ ದಂಡ ಹಾಕಿಸಬೇಕು. ಸೀಲು ಮತ್ತೆ ಮತ್ತೆ ಹೋಗುತ್ತದೆಯೆಂದು ಅಂಗಡಿಯವನನ್ನು ದೂರುವವರು ತಮ್ಮ ಜಾಕಿನ ದಂಡಕ್ಕೆ ಒಮ್ಮೆ ಉಗುರು ಹಚ್ಚಿ ನೋಡುವುದು ಒಳ್ಳೆಯದು.

ಹೊಸ ಸೀಲಿನ ಅಳತೆಯನ್ನು ಹಳೆಯ ಸೀಲಿನಿಂದ ತೆಗೆದುಕೊಳ್ಳಬಾರದು, ಅದು ಎಣ್ಣೆ ಕುಡಿದು ಉಬ್ಬಿಯೋ ಸವೆದೋ ಇರುತ್ತದೆ. ದಂಡದ ವ್ಯಾಸ ಮತ್ತು ಸೀಲು ಕೂರುವ ಗಾಡಿಯ ಅಗಲ, ಆಳಗಳನ್ನು ವರ್ನಿಯರ್‌ನಿಂದ ಅಳೆಯಬೇಕು; ಲೇತಿನವರು ಅಳೆದುಕೊಡುತ್ತಾರೆ. ಹಳೆಯದು ಯಾವ ಮುಖವಾಗಿ ಕುಳಿತಿತ್ತೆಂದು ತೆಗೆಯುವ ಮೊದಲೇ ಗುರುತಿಟ್ಟುಕೊಳ್ಳಬೇಕು. 'ಯು' ಆಕಾರದ ಸೀಲಿನ ತುಟಿಗಳು ಯಾವಾಗಲೂ ಎಣ್ಣೆಯ ಒತ್ತಡ ಬರುವ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಮೊದಲ ಎತ್ತಿಗೇ ಎಣ್ಣೆ ಚಿಮ್ಮುತ್ತದೆ. ಹೊರಗಿನ ಧೂಳನ್ನು ತಡೆಯುವ ವೈಪರ್ ಸೀಲಿನ ತುಟಿ ಮಾತ್ರ ಹೊರಮುಖವಾಗಿರುತ್ತದೆ. ಇದನ್ನು "ಇಲ್ಲದಿದ್ದರೂ ನಡೆಯುತ್ತದೆ" ಎಂದು ಬಿಡುವವರುಂಟು. ಗೋಡು ಹೊಡೆಯುವ ಟ್ರೈಲರಿಗೆ ಒಳಗಿನ ಸೀಲಿನ ಆಯುಸ್ಸು ಇದರ ಮೇಲೆಯೇ ನಿಂತಿದೆ. ಸೀಲನ್ನು ಶುದ್ಧ ಹೈಡ್ರಾಲಿಕ್ ಎಣ್ಣೆಯಲ್ಲಿ ಅದ್ದಿ, ಕೈಯಿಂದ ಅಥವಾ ಮೊನೆಯಿಲ್ಲದ ಮರದ ಕಡ್ಡಿಯಿಂದ ಕೂರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ತುಟಿ ಕೊಯ್ದು ಹೋಗುತ್ತದೆ. ಸೀಲು ದಾಟಿಹೋಗಬೇಕಾದ ಮರೆಯ ಮೇಲೆ ಟೇಪು ಸುತ್ತಿಕೊಳ್ಳಬೇಕು.

ಜಾಕನ್ನು ಮರಳಿ ಜೋಡಿಸಿದ ಮೇಲೆ ಖಾಲಿ ಬಾಡಿಯನ್ನು ನಿಧಾನವಾಗಿ ಐದಾರು ಬಾರಿ ಎತ್ತಿ ಇಳಿಸಿದರೆ ಒಳಗಿನ ಗಾಳಿ ಟ್ರ್ಯಾಕ್ಟರಿಗೆ ಹೋಗಿ ಹೊರಬೀಳುತ್ತದೆ. ಬಾಡಿ ನಡುಗುತ್ತ ಏಳುವುದು ನಿಂತ ಮೇಲೆ ಎಣ್ಣೆಯ ಮಟ್ಟ ನೋಡಿ ಸರಿದೂಗಿಸಬೇಕು. ಬಾಡಿಯ ಹಿಂದಿನ ಹಿಂಜ್ ಪಿನ್ನುಗಳಿಗೆ ಗ್ರೀಸು ಕಾಣದೆ ಸವೆದಿದ್ದರೆ ಬಾಡಿ ಓರೆಯಾಗಿ ಎದ್ದು ಹೊಸ ಸೀಲನ್ನೂ ಒಂದು ಪಕ್ಕಕ್ಕೆ ತಿನ್ನುತ್ತದೆ. ಪಿನ್ನು ಬುಷ್ಷುಗಳನ್ನು ಇದೇ ಸಮಯದಲ್ಲಿ ಬದಲಾಯಿಸಿಬಿಡುವುದು ಲೇಸು.

ಹೋಸು ಕಣ್ಣಿಗೆ ಗಟ್ಟಿಯಾಗಿ ಕಂಡರೂ ವಯಸ್ಸಾದಂತೆ ಬಿರುಕು ಬಿಡುತ್ತದೆ. ಹೊರಗಿನ ರಬ್ಬರು ಸೀಳಿ ಒಳಗಿನ ತಂತಿ ಹೆಣಿಗೆ ಕಾಣುತ್ತಿದ್ದರೆ, ತಂತಿಗೆ ತುಕ್ಕು ಹಿಡಿದಿದ್ದರೆ ಕಾಯಬಾರದು. ಸೈಕಲ್ ಟ್ಯೂಬು ಸುತ್ತುವುದು, ನೀರಿನ ಪೈಪಿನ ಕ್ಲಿಪ್ಪು ಹಾಕುವುದು ಯಾವುದೂ ಈ ಒತ್ತಡಕ್ಕೆ ನಿಲ್ಲದು. ಹೊಸ ಹೋಸನ್ನು ಯಂತ್ರದಲ್ಲಿ ಒತ್ತಿ ತುದಿ ಕೂರಿಸುವ ಅಂಗಡಿಯಲ್ಲೇ ಮಾಡಿಸಬೇಕು. ಅಡ್ಡ ತಿರುವಿನಲ್ಲಿ ಎಳೆಯದಷ್ಟು ಉದ್ದ, ನೆಲಕ್ಕೆ ಉಜ್ಜದಷ್ಟು ಕಡಿಮೆ ಇರಬೇಕು.

ಪಂಪಿನ ಒಳಭಾಗ, ಕಂಟ್ರೋಲ್ ವಾಲ್ವಿನ ಸ್ಪೂಲು, ಇವು ಮಾತ್ರ ಮನೆಯಲ್ಲಿ ಬಿಚ್ಚುವ ಭಾಗಗಳಲ್ಲ. ಸ್ಪೂಲನ್ನು ಎಮರಿ ಕಾಗದದಿಂದ ತಿಕ್ಕಿ "ಸಲೀಸು" ಮ‌ಾಡಿದರೆ ಆ ವಾಲ್ವು ಮತ್ತೆ ಎಣ್ಣೆ ಹಿಡಿಯುವುದಿಲ್ಲ.

ಬಿಡಿಭಾಗ ಮತ್ತು ಲೆಕ್ಕದ ಪುಸ್ತಕ

ತಯಾರಿಕೆ ನಿಂತುಹೋದ ಟ್ರ್ಯಾಕ್ಟರುಗಳೂ ನಮ್ಮಲ್ಲಿ ಓಡುತ್ತಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಕೆ ಆರಂಭಿಸಿತ್ತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಇಂಥ ಟ್ರ್ಯಾಕ್ಟರು ಇಟ್ಟುಕೊಂಡವರು ಎದೆಗುಂದಬೇಕಿಲ್ಲ. ಎಣ್ಣೆ ಸೀಲು, 'ಓ' ರಿಂಗು, ಬೇರಿಂಗುಗಳು ಹೆಚ್ಚಾಗಿ ಎಲ್ಲೆಡೆ ದೊರೆಯುವ ಪ್ರಮಾಣದ ಅಳತೆಯವು. ಅವುಗಳ ಮೇಲೆ ಅಚ್ಚಾದ ಅಂಕಿಯನ್ನು ಬರೆದಿಟ್ಟುಕೊಂಡರೆ ಹೆಸರಿನ ಹಂಗಿಲ್ಲದೆ ಕೊಳ್ಳಬಹುದು. ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೋದವರು ಹೊಸ ಬಣ್ಣಕ್ಕೆ ಮರುಳಾಗದೆ, ಎಣ್ಣೆಯ ಕಡ್ಡಿ ಎಳೆದು ನೋಡಿ, ಅರ್ಧ ದಿನ ದುಡಿದು ಕಾದ ಟ್ರ್ಯಾಕ್ಟರಿನಿಂದ ತುಂಬಿದ ಟ್ರೈಲರನ್ನು ಎತ್ತಿಸಿ ನೋಡಬೇಕು.

ದುರಸ್ತಿಯನ್ನು ಕ್ರಮವಾಗಿ ಕಲಿಯಬಯಸುವ ಯುವಕರಿಗೆ ಆಂಧ್ರಪ್ರದೇಶದ ಅನಂತಪುರದ ಬಳಿ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಣಾ ಸಂಸ್ಥೆಯಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ರೈತರಿಗೆ ಅದು ಬಹಳ ದೂರವೇನಲ್ಲ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಗಂಟೆ ತೋರಿಸುವ ಮೀಟರು ಎಂದೋ ನಿಂತಿರುತ್ತದೆ. ಅನೇಕ ಕೈಪಿಡಿಗಳು 1,000 ಗಂಟೆಗೊಮ್ಮೆ ಈ ಎಣ್ಣೆ ಬದಲಾಯಿಸಲು ಹೇಳುತ್ತವೆ. ಕೆಸರು ಗದ್ದೆಯ ಕೆಲಸವಿದ್ದರೆ ಅಷ್ಟು ದಿನ ಕಾಯಲಾಗದು. ಮೀಟರು ಇಲ್ಲದವರು ಡೀಸೆಲಿನ ಲೆಕ್ಕ ಇಟ್ಟರೆ ಸಾಕು. 35 ಅಶ್ವಶಕ್ತಿಯ ಟ್ರ್ಯಾಕ್ಟರು ಉಳುಮೆಯಲ್ಲಿ ಗಂಟೆಗೆ ಸುಮಾರು ಮೂರರಿಂದ ನಾಲ್ಕು ಲೀಟರ್ ಕುಡಿಯುತ್ತದೆಯಾದ್ದರಿಂದ, 3,000 ಲೀಟರ್ ಡೀಸೆಲ್ ಮುಗಿಯುವಷ್ಟರಲ್ಲಿ ಎಣ್ಣೆ ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬಹುದು. ಎಣ್ಣೆ ಹಾಕಿದ ದಿನ, ಜರಡಿ ತೊಳೆದ ದಿನ, ಸೀಲಿನ ಅಳತೆ, ಹೋಸು ಬದಲಾಯಿಸಿದ ವರ್ಷ, ಇವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ಟೂಲ್ ಬಾಕ್ಸಿನಲ್ಲೇ ಇಡುವುದು ಅನುಕೂಲ. ಯುಗಾದಿ ಕಳೆದು ಮೊದಲ ಮಳೆ ಬರುವ ಮುನ್ನ ಈ ಎಲ್ಲ ಪರೀಕ್ಷೆಗಳೂ ಆಗಿರಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸುವಾಗ ಲಿಫ್ಟನ್ನು ಕೆಳಗಿಳಿಸಿ, ಟ್ರೈಲರಿನ ಜಾಕನ್ನು ಪೂರ್ತಿ ಒಳಕ್ಕೆ ಬಿಟ್ಟು, ಹೊರಗೆ ಉಳಿಯುವ ದಂಡದ ತುದಿಗೆ ಗ್ರೀಸು ಸವರಿ, ಹೋಸಿನ ತುದಿಗೆ ಮುಚ್ಚಳ ಹಾಕಿ ನಿಲ್ಲಿಸತಕ್ಕದ್ದು.